ಮುಂಜಾನೆ ನಡೆದು ಮಧ್ಯಾಹ್ನ ನಿಲ್ಲುತ್ತಿದ್ದ ರಿಮೋಟ್ ಎಕ್ಸ್‌ಟೆಂಡರ್

ಕಲಬುರಗಿಯ ಹಳೇ ಮನೆ, ಎರಡು ಫೂಟು ದಪ್ಪದ ಕಲ್ಲಿನ ಗೋಡೆ. ಸೆಟ್-ಟಾಪ್ ಬಾಕ್ಸು ಪಡಸಾಲೆಯಲ್ಲಿ, ಎರಡನೇ ಟಿವಿ ಒಳಖೋಲಿಯಲ್ಲಿ, ಸುತ್ತಿಬಳಸಿ ಹೋದರೆ ನಡುವೆ 18 ಮೀಟರ್ ವೈರು. ಚಿತ್ರ ಎಚ್‌ಡಿಎಂಐ ಸ್ಪ್ಲಿಟರ್‌ನಿಂದ ಹೋಯಿತು, ಅದರ ಮಾತು ಇಲ್ಲಿ ಬೇಡ. ರಿಮೋಟಿನ ಸಂಕೇತ ಹಿಂದಕ್ಕೆ ಬಾಕ್ಸಿನವರೆಗೆ ಬರಬೇಕಲ್ಲ, ಗಂಟು ಇದ್ದದ್ದು ಅಲ್ಲಿ. ಒಳಖೋಲಿಯಲ್ಲಿ ಒತ್ತಿದ್ದನ್ನು ಬಾಕ್ಸಿಗೆ ಮುಟ್ಟಿಸುವ ಸಾಧನಕ್ಕೇ ರಿಮೋಟ್ ಎಕ್ಸ್‌ಟೆಂಡರ್ ಅನ್ನುತ್ತಾರೆ. ‘ಇಂಥಾ ಗ್ವಾಡಿ ಇದ್ದಲ್ಲಿ ಅದು ನಡ್ಯಂಗಿಲ್ಲ ಬಿಡ್ರಿ, ಇನ್ನೊಂದು ಕನೆಕ್ಷನ್ ತಗೋರಿ’ ಅಂದವರೇ ಎಲ್ಲರೂ. ಎರಡು ಖೋಲಿಯಲ್ಲಿ ಬೇರೆ ಬೇರೆ ಚಾನೆಲ್ ಬೇಕು ಅನ್ನುವವರಿಗೆ ಅವರ ಮಾತೇ ಖರೆ. ಒಂದೇ ಚಾನೆಲ್ ಸಾಕಾದರೆ ತಿಂಗಳ ರೊಕ್ಕ ಯಾಕೆ ಕೊಡಬೇಕು? ಎರಡು ಬೇಸಿಗೆ ಕಳೆದವು, ಈಗ ಒಂದು ಬಟನ್ನೂ ತಪ್ಪುತ್ತಿಲ್ಲ.

ಮೊದಲು ಹಾಳಾದ ರೊಕ್ಕದ ಲೆಕ್ಕ. ಪಿರಮಿಡ್ ಆಕಾರದ 433 ಮೆಗಾಹರ್ಟ್ಸ್ ವೈರ್‌ಲೆಸ್ ಜೋಡಿಗೆ ಸಾವಿರದ ಮುನ್ನೂರೋ ನಾನೂರೋ ಹೋಯಿತು. ಗೋಡೆ ದಾಟಿತು, ಅದರಲ್ಲಿ ತಕರಾರಿಲ್ಲ. ಆದರೆ ಗಾಳಿಯಲ್ಲಿನ ಗದ್ದಲವನ್ನೆಲ್ಲ ಸಂಕೇತ ಅಂತಲೇ ತಿಳಿದು ಐಆರ್ (ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ) ಎಲ್‌ಇಡಿಯನ್ನು ಬಡಬಡ ಮಿಣುಕಿಸುತ್ತಿತ್ತು. ಆ ಗಲಾಟೆಯಲ್ಲಿ ಬಾಕ್ಸಿನ ಎದುರೇ ಕೂತು ಅಸಲಿ ರಿಮೋಟ್ ಒತ್ತಿದರೂ ಕೆಲಸ ಮಾಡಲಿಲ್ಲ. ಆಮೇಲೆ ಮುನ್ನೂರೈವತ್ತರ ರೆಡಿಮೇಡ್ ವೈರ್ ಕಿಟ್. ಅದರ ರಿಸೀವರಿಗೆ ಮೂರು ತಂತಿ ಬೇಕು, ನಾನು ಉದ್ದ ಮಾಡಲು ಹಾಕಿದ್ದು ಮೋನೋ ಜಾಕಿನ ಕೇಬಲ್. ಎರಡು ತಂತಿ ಶಾರ್ಟ್ ಆಗಿ ರಿಸೀವರ್ ಸತ್ತಿತು. ಸ್ಟೀರಿಯೋ ಕೇಬಲ್ ಹಾಕಿದವರಿಗೆ ಐದಾರು ಮೀಟರಿನ ತನಕ ಅದೇ ಕಿಟ್ ಸಾಕು.

ಕೊನೆಗೆ ನಮ್ಮೂರ ಸೂಪರ್ ಮಾರ್ಕೆಟ್ ಪೇಟೆ ಕಡೆಯಿಂದ ಬಿಡಿ ಸಾಮಾನು ತಂದೆ. 38 ಕಿಲೋಹರ್ಟ್ಸ್‌ನ ವಿಎಸ್1838ಬಿ ಸೆನ್ಸರ್, 555 ಟೈಮರ್ ಐಸಿ, ಎರಡು ಬಿಸಿ547 ಟ್ರಾನ್ಸಿಸ್ಟರ್, 940 ನ್ಯಾನೋಮೀಟರ್ ಎಲ್‌ಇಡಿ, ಚಿಲ್ಲರೆ ರೆಸಿಸ್ಟರ್. ಎಲ್ಲಾ ಸೇರಿ ನೂರಿಪ್ಪತ್ತರ ಆಚೀಚೆ. ಇಪ್ಪತ್ತು ಮೀಟರ್ ಕ್ಯಾಟ್-5 ಕೇಬಲ್ಲಿಗೆ ಇನ್ನೊಂದು ಮುನ್ನೂರು. ಹಳೇ ಟಿಎಸ್‌ಒಪಿ1738ರಲ್ಲಿ ಕಾಲುಗಳು ಗ್ರೌಂಡ್, 5 ವೋಲ್ಟ್, ಔಟ್‌ಪುಟ್ ಅಂತ ಬರುತ್ತವೆ. 1838ಬಿಯಲ್ಲಿ ಔಟ್‌ಪುಟ್, ಗ್ರೌಂಡ್, 5 ವೋಲ್ಟ್. ಹಳೇ ಕೈರೂಢಿಯಲ್ಲಿ ಜೋಡಿಸಿ ಎರಡು ಸುಟ್ಟವು.

ಸೆನ್ಸರ್ ಸುಮ್ಮನಿದ್ದಾಗ ಔಟ್‌ಪುಟ್ ಮೇಲಿರುತ್ತದೆ, ಸಂಕೇತ ಬಂದಾಗ ಕೆಳಗಿಳಿಯುತ್ತದೆ, ಸಂಕೇತವನ್ನು ಹೊತ್ತು ತಂದ 38 ಕಿಲೋಹರ್ಟ್ಸ್ ಮಿಣುಕು (ಕ್ಯಾರಿಯರ್) ಅಲ್ಲೇ ಕಳಚಿಹೋಗುತ್ತದೆ. ಅದನ್ನು ಮತ್ತೆ ಹುಟ್ಟಿಸುವುದು ಬಾಕ್ಸಿನ ಹತ್ತಿರದ 555, ಅದರ 4ನೇ ಕಾಲು ಆನ್-ಆಫ್ ಸ್ವಿಚ್ ಇದ್ದಂತೆ. ಸೆನ್ಸರಿನ ಔಟ್‌ಪುಟ್ಟನ್ನು ಆ ಕಾಲಿಗೆ ನೇರ ಕೊಟ್ಟರೆ ಎಲ್ಲಾ ತಲೆಕೆಳಗು: ಹೊತ್ತೆಲ್ಲಾ ಎಲ್‌ಇಡಿ ಉರಿದು ಬಟನ್ ಒತ್ತಿದಾಗಲೇ ಆರುತ್ತದೆ. ನಡುವೆ ಒಂದು ಬಿಸಿ547 ಬೇಕೇಬೇಕು. ಅದರ ಬೇಸ್ ಕಾಲಿಗೆ 10ಕೆ (ಕಿಲೋ ಓಮ್) ರೆಸಿಸ್ಟರ್, ಕಲೆಕ್ಟರಿಂದ 5 ವೋಲ್ಟಿಗೆ 10ಕೆ, ಕಲೆಕ್ಟರೇ 4ನೇ ಕಾಲಿಗೆ. ಉದ್ದ ವೈರಿನಲ್ಲಿ ಸೆನ್ಸರಿನ ಒಳಗಿನ ಪುಲ್-ಅಪ್ (ಔಟ್‌ಪುಟ್ಟನ್ನು 5 ವೋಲ್ಟಿನತ್ತ ಎಳೆದಿಡುವ ರೆಸಿಸ್ಟರ್) ದುರ್ಬಲ. ಅದಕ್ಕೇ ಮೂರು ಸಲ ಒತ್ತಿದರೆ ಒಮ್ಮೆ ತಗೊಳ್ಳುತ್ತಿತ್ತು. ಬಾಕ್ಸಿನ ತುದಿಯಲ್ಲಿ 4.7ಕೆ ಪುಲ್-ಅಪ್ ಹಾಕಿ, ಸಿಗ್ನಲ್ ತಂತಿಯನ್ನು ಗ್ರೌಂಡ್ ಜೊತೆಗೇ ಹೆಣೆದ ಜೋಡಿಯಲ್ಲಿ ಒಯ್ದ ಮೇಲೆ ಆ ಕಾಟ ಹೋಯಿತು. ಸೆನ್ಸರಿನ ಬುಡದಲ್ಲಿ 100 ಓಮ್ ರೆಸಿಸ್ಟರ್, 47 ಮೈಕ್ರೋಫ್ಯಾರಡ್ ಕೆಪಾಸಿಟರ್ ಮರೆಯಬೇಡಿ, ಅಗ್ಗದ ಚಾರ್ಜರ್‌ಗಳು ಬಲು ಗದ್ದಲ ಮಾಡುತ್ತವೆ. ಚಾರ್ಜರ್ ಯಾಕೆ ಅಂದರೆ, ಮೊದಲು ಬಾಕ್ಸಿನ ಯುಎಸ್‌ಬಿಯಿಂದಲೇ 5 ವೋಲ್ಟ್ ತೆಗೆದಿದ್ದೆ. ಬಾಕ್ಸ್ ಸ್ಟ್ಯಾಂಡ್‌ಬೈಗೆ ಹೋದ ಕೂಡಲೇ ಯುಎಸ್‌ಬಿ ಸತ್ತಿತು. ಆರಿಸಲು ಬರುತ್ತಿತ್ತು, ಹೊತ್ತಿಸಲು ಬರುತ್ತಿರಲಿಲ್ಲ.

ಇಷ್ಟಾದರೂ ಮುಂಜಾನೆ ಛಲೋ ನಡೆದದ್ದು ಮಧ್ಯಾಹ್ನ ಎರಡಕ್ಕೆ ನಿಂತುಬಿಡುತ್ತಿತ್ತು. ಬಿಸಿಲು ಸೆನ್ಸರಿಗೆ ಬೀಳುತ್ತಿದೆ ಅಂತ ಎಕ್ಸ್‌ಪೋಸ್ ಆದ ಹಳೇ ಕಲರ್ ಫೋಟೋ ನೆಗೆಟಿವ್‌ನ ಕರಿ ತುಂಡು ಮರೆ ಮಾಡಿದೆ. (ಅದು ಐಆರ್ ಬಿಟ್ಟು, ಕಣ್ಣಿಗೆ ಕಾಣುವ ಬೆಳಕು ತಡೆಯುತ್ತದೆ, ಇಂದಿಗೂ ಇಟ್ಟಿದ್ದೇನೆ.) ದೂರ ಸ್ವಲ್ಪ ಹೆಚ್ಚಿತು, ಮಧ್ಯಾಹ್ನದ ರೋಗ ಹೋಗಲಿಲ್ಲ. ಹದಿನೈದು ದಿನ ಹೈರಾಣ. ಮಲ್ಟಿಮೀಟರ್‌ನ ಹರ್ಟ್ಸ್ ರೇಂಜಿನಲ್ಲಿ 555ರ ಔಟ್‌ಪುಟ್, ಅಂದರೆ 3ನೇ ಕಾಲು ನೋಡಿದಾಗ ಕಳ್ಳ ಸಿಕ್ಕ: ಮುಂಜಾನೆ 38 ಇದ್ದದ್ದು ಮಧ್ಯಾಹ್ನ 41 ದಾಟಿತ್ತು. 102 ಅಂತ ಬರೆದ ಅಗ್ಗದ ಸೆರಾಮಿಕ್ ಡಿಸ್ಕ್ ಕೆಪಾಸಿಟರ್ ಬಿಸಿಯಾದಂತೆ ಅದರ ಕೆಪಾಸಿಟಿ ಇಳಿಯುತ್ತದೆ, 555ರ ಹರ್ಟ್ಸ್ ಏರುತ್ತದೆ. ಬಿಸಿ ಬಾಕ್ಸಿನ ತಲೆ ಮೇಲೆ, ನಮ್ಮ ಮೇ ತಿಂಗಳಲ್ಲಿ, ಇನ್ನೇನಾದೀತು? ಎರಡು-ಮೂರು ರೂಪಾಯಿಯ ಹಸಿರು ಪಾಲಿಯೆಸ್ಟರ್ 102 ಹಾಕಿದೆ, ಮುಗಿಯಿತು. ಮೇಲಿನ ರೆಸಿಸ್ಟರ್ 1ಕೆ, ಕೆಳಗಿನದು 15ಕೆ ಜೊತೆ 5ಕೆ ಪ್ರಿಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್). ಪ್ರಿಸೆಟ್ ತಿರುಗಿಸಿ 38ಕ್ಕೆ ನಿಲ್ಲಿಸುವಾಗ 4ನೇ ಕಾಲನ್ನು 5 ವೋಲ್ಟಿಗೆ ಕಟ್ಟಿಡಿ.

ಎಲ್‌ಇಡಿಗೆ 100 ಓಮ್ ಹಾಕಿ ಬಾಕ್ಸಿನ ಕಿಟಕಿಗೇ ಅಂಟಿಸಿದಾಗ ಅತಿ ಬೆಳಕಿಗೆ ಬಾಕ್ಸೇ ತಬ್ಬಿಬ್ಬಾಯಿತು, 330 ಸರಿಹೋಯಿತು. ಕರಿ ಫಲಕದ ಹಿಂದೆ ಬಾಕ್ಸಿನ ಸೆನ್ಸರ್ ಎಲ್ಲಿದೆ ಅಂತ ಟಾರ್ಚ್ ಬಿಟ್ಟರೆ ಕಾಣುತ್ತದೆ. ಡಬಲ್ ಟೇಪ್ ಕಾವಿಗೆ ಜಾರುತ್ತದೆ. ಅದರ ಬದಲು ನಾನು ಏನು ಹಚ್ಚಿದೆ, ಡ್ರಿಲ್ ಇಲ್ಲದೆ ಆ ಗೋಡೆಯಲ್ಲಿ ವೈರ್ ಹೇಗೆ ತೂರಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಒಂದು ಹುಚ್ಚಾಟವೂ ಆಯಿತು. ಅಡುಗೆಮನೆಯಲ್ಲಿ ಇನ್ನೊಂದು 1838ಬಿ ಇಟ್ಟು ಔಟ್‌ಪುಟ್ ಅದೇ ತಂತಿಗೆ ಕೂಡಿಸಿದೆ. ಎರಡೂ ಕಡೆಯಿಂದ ರಿಮೋಟ್ ನಡೆಯಿತು. ಆದರೆ ಅಲ್ಲಿನ ಹಳೇ ಸಿಎಫ್‌ಎಲ್ ಹೊತ್ತಿದ ಕೂಡಲೇ ಎರಡೂ ಖೋಲಿ ಬಂದ್. ಎಲ್‌ಇಡಿ ಬಲ್ಬ್ ಹಾಕಿದ ಮೇಲೆ ಸುಮ್ಮನಾಯಿತು.

ಮೇಜಿನ ಮೇಲೆ ಪರೀಕ್ಷೆ ಮಾಡುವಾಗ ಎಲ್‌ಇಡಿ ಮತ್ತು ಸೆನ್ಸರ್ ಎದುರಾಬದುರಾ ಇಡಬೇಡಿ, ತನ್ನ ಬೆಳಕು ತಾನೇ ನೋಡಿ ಮಿಣುಕುತ್ತಲೇ ಇರುತ್ತದೆ. ಸಾಮಾನು ತರುವ ಮೊದಲು ರಿಮೋಟನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾಗೆ ಹಿಡಿದು ಚಾನೆಲ್ ಬಟನ್ ಒತ್ತಿ. ನೇರಳೆ ಮಿಣುಕು ಕಂಡರೆ ಇದೆಲ್ಲಾ ನಡೆಯುತ್ತದೆ. ಪವರ್ ಬಟನ್ನಿಗೆ ಮಾತ್ರ ಮಿಣುಕಿ ಉಳಿದದ್ದಕ್ಕೆ ಮಿಣುಕದಿದ್ದರೆ ಅದು ಬ್ಲೂಟೂತ್ ರಿಮೋಟು, ಅದಕ್ಕೆ ಈ ಸರ್ಕ್ಯೂಟ್ ಉಪಯೋಗವಿಲ್ಲ.