ಕರು ಹಾಕುವ ಮುಂಚಿನ ಮೂರು ವಾರ: ನಮ್ಮ ಕೊಟ್ಟಿಗೆಯ ಕ್ರಮ

ಗಬ್ಬದ ಕೊನೆಗೆ ಹಾಲು ಬತ್ತಿದ ದನಕ್ಕೆ ಕರಡ (ಬೆಟ್ಟದ ಒಣಹುಲ್ಲು), ಅಕ್ಕಚ್ಚು ಹಾಕಿದರೆ ಸಾಕು ಎನ್ನುವುದು ಶಿರಸಿ ಕಡೆಯ ರೂಢಿ. ಕಡಿಮೆ ಹಾಲಿನ ನಾಟಿ ತಳಿಯಾದ ಮಲೆನಾಡು ಗಿಡ್ಡಕ್ಕೆ ಅದು ನಡೆದೀತು. ಹೊತ್ತಿಗೆ ಐದಾರು ಲೀಟರ್ ಕರೆಯುವ ಜರ್ಸಿ ಮಿಶ್ರತಳಿಗೆ ನಡೆಯುವುದಿಲ್ಲ.

ಗಬ್ಬದ ಅವಧಿ ಸುಮಾರು 280 ದಿನ. ದಿನ ತುಂಬಲು 60 ದಿನ ಇರುವಾಗ ಹಾಲು ಬತ್ತಿಸುತ್ತೇವೆ. ಮೊದಲ ಐದು ವಾರ ಕರಡ ಅಥವಾ ಬೈಹುಲ್ಲು ತಿಂದಷ್ಟು, ಹಸಿಹುಲ್ಲು ಹತ್ತು ಕಿಲೋ, ದಾಣಿ (ಹಿಂಡಿ, ಬೂಸಾದಂಥ ಪಶು ಆಹಾರ) ಒಂದೂವರೆ ಕಿಲೋ. ಕರಡದಿಂದ ಹೊಟ್ಟೆ ತುಂಬುತ್ತದೆ, ಪ್ರೋಟೀನ್ ಸಿಗುವುದಿಲ್ಲ, ದಾಣಿ ಅದಕ್ಕಾಗಿ. ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ಬಾಲದ ಬುಡದಲ್ಲಿ ಕೊಬ್ಬು ಕೂತ ದನ ಕರು ಹಾಕಿದ ಮೇಲೆ ಮೇವು ಬಿಟ್ಟು, ಮೈಕೊಬ್ಬು ಕರಗಿ ರಕ್ತದಲ್ಲಿ ಕೀಟೋನ್ ಏರುವ ಕೀಟೋಸಿಸ್ ರೋಗಕ್ಕೆ ಬೀಳುತ್ತದೆ.

ಕೊನೆಯ ಮೂರು ವಾರ ಎರಡು ದಿನಕ್ಕೊಮ್ಮೆ ಕಾಲು ಕಿಲೋದಷ್ಟು ಏರಿಸುತ್ತಾ ದಾಣಿಯನ್ನು ಮೂರು ಕಿಲೋಗೆ ತಂದು ಅಲ್ಲೇ ನಿಲ್ಲಿಸುತ್ತೇವೆ. ಕರು ಹಾಕಿದ ಮೇಲೆ ಯಾವ ದಾಣಿ ಹಾಕಲಿದ್ದೇವೋ ಅದನ್ನೇ. ಹೊಟ್ಟೆಯ ಸೂಕ್ಷ್ಮಜೀವಿಗಳು ಅದಕ್ಕೆ ಹೊಂದಿಕೊಳ್ಳಲು ಅಷ್ಟು ದಿನ ಬೇಕು. ಒಮ್ಮೆಲೇ ಸುರಿದರೆ ಹೊಟ್ಟೆ ಹುಳಿಯಾಗಿ ಸಗಣಿ ನೀರಾಗುತ್ತದೆ, ಮೆಲುಕು ನಿಲ್ಲುತ್ತದೆ.

ಹೆಚ್ಚು ಜನ ಎಡವುವುದು ಕ್ಯಾಲ್ಸಿಯಂ ವಿಷಯದಲ್ಲಿ. ಹಾಲುಜ್ವರಕ್ಕೆ (ಕರು ಹಾಕಿದ ಹೊತ್ತಿಗೆ ರಕ್ತದ ಕ್ಯಾಲ್ಸಿಯಂ ಕುಸಿದು ದನ ನೆಲ ಹಿಡಿಯುವ ರೋಗ) ಕ್ಯಾಲ್ಸಿಯಂ ಕೊರತೆಯೇ ಕಾರಣ ಎಂದು ಗಬ್ಬದಲ್ಲೇ ಸುಣ್ಣದ ತಿಳಿ, ಬಾಟಲಿ ಕ್ಯಾಲ್ಸಿಯಂ ಕುಡಿಸುತ್ತಾರೆ. ಆಗುವುದು ಉಲ್ಟಾ. ಹೊರಗಿನಿಂದ ಧಾರಾಳ ಸಿಕ್ಕರೆ ಮೈ ತನ್ನ ಎಲುಬಿನಿಂದ ತೆಗೆಯುವ ಕೆಲಸ ನಿಧಾನ ಮಾಡುತ್ತದೆ; ಗಿಣ್ಣ ಇಳಿಯುವ ದಿನ ದಿಢೀರ್ ಬೇಕಾದಾಗ ರಕ್ತದಲ್ಲಿ ಸಾಲುವುದಿಲ್ಲ. ಈ ಮೂರು ವಾರ ಸುಣ್ಣ, ಬಾಟಲಿ ಎರಡೂ ಬಂದ್. ಗೊಬ್ಬರಗಿಡದ (ಗ್ಲಿರಿಸಿಡಿಯಾ) ಸೊಪ್ಪೂ ಬೇಡ, ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ. ಖನಿಜ ಮಿಶ್ರಣವನ್ನು ವೈದ್ಯರನ್ನು ಕೇಳಿ, ಗಬ್ಬದ ದನಕ್ಕೆಂದೇ ಇರುವುದಕ್ಕೆ ಬದಲಿಸುತ್ತೇವೆ. ಗೋಬರ್‌ಗ್ಯಾಸ್ ಸ್ಲರಿ ಬಿಟ್ಟು ಬೆಳೆಸಿದ ನೇಪಿಯರ್ ಹುಲ್ಲಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಅದು ಎಲುಬಿನ ಕ್ಯಾಲ್ಸಿಯಂ ಸಡಿಲಾಗುವುದನ್ನು ತಡೆಯುತ್ತದೆ. ಆ ಹುಲ್ಲು ಕರೆಯುವ ದನಕ್ಕೆ. ಗಬ್ಬದ್ದಕ್ಕೆ ಕರಡ, ಬೈಹುಲ್ಲೇ ವಾಸಿ. ಬಾಟಲಿ ಕ್ಯಾಲ್ಸಿಯಂ ಶುರುವಾಗುವುದು ಕರು ಬಿದ್ದ ದಿನ, ದನ ನಿಂತಿರುವಾಗ.

ಕರು ಹಾಕಿದ ಎರಡು ಮೂರು ದಿನ ಕಿವಿ ಮುಟ್ಟಿ ನೋಡುತ್ತಿರಬೇಕು. ಕಿವಿ ತಣ್ಣಗಾಗಿ, ಹಿಂಗಾಲು ತಡವರಿಸಿದರೆ ಅದು ಹಾಲುಜ್ವರದ ಲಕ್ಷಣ, ಆಗಲೇ ವೈದ್ಯರಿಗೆ ಫೋನ್. ಮಲಗಿ ಕತ್ತನ್ನು ಪಕ್ಕೆಗೆ ಹೊರಳಿಸಿದ ದನವನ್ನು ಹುಲ್ಲು ತುಂಬಿದ ಚೀಲ ಒತ್ತುಕೊಟ್ಟು ಎದೆಯ ಮೇಲೆ ಕೂರಿಸಿಡಿ, ಅಡ್ಡ ಬಿದ್ದರೆ ಹೊಟ್ಟೆ ಉಬ್ಬರಿಸುತ್ತದೆ. ಬಾಯಿಗೆ ಏನನ್ನೂ ಹೊಯ್ಯಬೇಡಿ; ನುಂಗುವ ಶಕ್ತಿ ಇಲ್ಲದ್ದರಿಂದ ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ರಕ್ತನಾಳದ ಕ್ಯಾಲ್ಸಿಯಂ ವೈದ್ಯರ ಕೆಲಸ. ಬೇಗ ಹರಿಸಿದರೆ ಹೃದಯವೇ ನಿಲ್ಲಬಹುದು.