ಬೈಟು ಕಾಫಿಗೆ ಇಬ್ಬರೇ ಸಾಕು

ವಿಶೇಷ ಮಕ್ಕಳ ಶಾಲೆಯಲ್ಲಿ ಬಹಳ ವರ್ಷ ಟೀಚರ್ ಆಗಿದ್ದೆ. 18 ತುಂಬುತ್ತಿದ್ದಂತೆ ಮಕ್ಕಳಿಗೆ ಶಾಲೆ ಮುಗಿಯುತ್ತಿತ್ತು. ಆಮೇಲೆ ಅದೃಷ್ಟ ಇದ್ದವರಿಗೆ ತರಬೇತಿ ಕೇಂದ್ರ, ಇಲ್ಲದವರಿಗೆ ಟಿವಿ. ಅವರ ಜೊತೆ ದಿನಾ ಯಾರು ಮಾತಾಡುತ್ತಾರೆ ಅಂತ ಸುಮ್ನೆ ಒಂದು ಸಲ ಲೆಕ್ಕ ಹಾಕಿ ನೋಡಿ. ಅಪ್ಪ, ಅಮ್ಮ, ಅಜ್ಜಿ, ಥೆರಪಿಯವರು, ವ್ಯಾನ್ ಡ್ರೈವರ್. ಒಂದೋ ಮನೆಯವರು, ಇಲ್ಲಾ ಸಂಬಳಕ್ಕೆ ಬರುವವರು. ತಾವಾಗಿ ಇಷ್ಟಪಟ್ಟು ಬಂದವರು ಸಿಗುವುದೇ ಅಪರೂಪ.

ರಿಟೈರ್ ಆದಮೇಲೆ ಬಸವನಗುಡಿ, ಹನುಮಂತನಗರ, ತ್ಯಾಗರಾಜನಗರದ ಸುತ್ತಮುತ್ತ ನಾನು ಮಾಡುತ್ತಿರುವುದು ಇದೇ ಕೆಲಸ. ಇಂಥ ಒಬ್ಬರಿಗೆ ಒಬ್ಬ ಗೆಳೆಯನನ್ನೋ ಗೆಳತಿಯನ್ನೋ ಹುಡುಕಿಕೊಡುವುದು. 'ಮದುವೆ ಬ್ರೋಕರ್ ಆಗಿಬಿಟ್ಟೆ ನೀನು' ಅಂತ ನಮ್ಮ ಯಜಮಾನರು ರೇಗಿಸುತ್ತಾರೆ. ಸಂಸ್ಥೆ ಇಲ್ಲ, ಬೋರ್ಡ್ ಇಲ್ಲ, ರಸೀದಿ ಪುಸ್ತಕವೂ ಇಲ್ಲ.

ಯೋಚನೆ ನನ್ನದೇನಲ್ಲ. ಅಮೆರಿಕದಲ್ಲಿ ವುಲ್ಫ್ ವುಲ್ಫೆನ್ಸ್‌ಬರ್ಗರ್ ಅನ್ನುವವರು ಸಿಟಿಜನ್ ಅಡ್ವೊಕಸಿ ಅಂತ ಒಂದು ಕ್ರಮ ರೂಪಿಸಿದ್ದರು. ಊರಿನ ಒಬ್ಬ ಸಾಮಾನ್ಯ ಮನುಷ್ಯ, ಸಂಬಳ ಇಲ್ಲದೆ, ಇಂಥ ಒಬ್ಬರ ಪರವಾಗಿ ನಿಲ್ಲಬೇಕು ಅನ್ನುವುದು ಅದರ ತಿರುಳು. ನೆಬ್ರಾಸ್ಕಾದ ಲಿಂಕನ್ ನಗರದಲ್ಲಿ 1970ರಲ್ಲಿ ಅದು ಶುರುವಾಯಿತು. 1989ರಲ್ಲಿ ಆಂಥನಿ ಕೆನಡಿ ಶ್ರೈವರ್ ಬೆಸ್ಟ್ ಬಡೀಸ್ ಸ್ಥಾಪಿಸಿದರು. ಅಲ್ಲಿಯೂ ಜೋಡಿ ಸ್ನೇಹವೇ ಮುಖ್ಯ. ನಾನು ಇವುಗಳಿಂದ ತೆಗೆದುಕೊಂಡದ್ದು ಇಷ್ಟೇ: ಒಬ್ಬರಿಗೆ ಒಬ್ಬರು, ಗುಂಪು ಬೇಡ.

ಗುಂಪು ಯಾಕೆ ಬೇಡ ಅಂದರೆ, ಬೆಂಗಳೂರಲ್ಲಿ ಗುಂಪಿಗೇನೂ ಬರ ಇಲ್ಲ. ಕಂಪನಿಯವರು ಒಂದೇ ಥರ ಟೀ-ಶರ್ಟ್ ಹಾಕಿಕೊಂಡು ಬರುತ್ತಾರೆ, ಕೇಕ್ ಕಟ್ ಮಾಡಿಸುತ್ತಾರೆ, ಫೋಟೋ ತೆಗೆದುಕೊಂಡು ಹೊರಡುತ್ತಾರೆ. ಮಾರನೇ ದಿನ ನಮ್ಮ ಮಕ್ಕಳು 'ಆ ಅಣ್ಣ ಎಲ್ಲಿ?' ಅಂತ ಕೇಳುತ್ತಿದ್ದರು. ಯಾವ ಅಣ್ಣ ಅಂತ ನಮಗೂ ಗೊತ್ತಿರುತ್ತಿರಲಿಲ್ಲ.

ಹುಡುಕುವ ಕ್ರಮ ಹೀಗೆ. ಮೊದಲು ಆ ವ್ಯಕ್ತಿಯ ಜೊತೆ ರಸ್ತೆಯಲ್ಲಿ ಓಡಾಡುತ್ತೇನೆ, ತಾಯಿ ಇಲ್ಲದೆ. ತಾಯಂದಿರು ಪಕ್ಕದಲ್ಲಿದ್ದರೆ ಎಲ್ಲ ಪ್ರಶ್ನೆಗೂ ಅವರೇ ಉತ್ತರ ಕೊಟ್ಟುಬಿಡುತ್ತಾರೆ, ಪಾಪ, ಅಭ್ಯಾಸ. ಮಾತು ಬಾರದವರಾದರೆ ಅವರು ಎಲ್ಲಿ ನಿಲ್ಲುತ್ತಾರೆ ನೋಡುತ್ತೇನೆ. ಹೂವಿನಂಗಡಿ ಮುಂದೆಯೋ, ಬಸ್ ಸ್ಟಾಪಲ್ಲೋ, ಹುಡುಗರು ಕ್ರಿಕೆಟ್ ಆಡುವ ಕಡೆಯೋ. ಆಮೇಲೆ ಅದೇ ಜಾಗಕ್ಕೆ ಹೇಗೂ ಹೋಗುವ ಒಬ್ಬರನ್ನು ಹುಡುಕಬೇಕು. 'ನೀವು ಹೇಗೂ ಶನಿವಾರ ಗಾಂಧಿ ಬಜಾರ್‌ಗೆ ಹೋಗ್ತೀರಲ್ಲ, ಇವಳೂ ಬರಲಾ?' ಅಷ್ಟೇ ಕೇಳುವುದು.

ಸೇವೆ ಮಾಡಬೇಕು ಅಂತ ಬಂದವರನ್ನು ಆದಷ್ಟು ತಪ್ಪಿಸುತ್ತೇನೆ. ಇದಕ್ಕೆ ಬೇಜಾರು ಮಾಡಿಕೊಂಡವರಿದ್ದಾರೆ. ಆದರೆ ಅವರು ಸ್ವಲ್ಪ ದಿನಕ್ಕೇ 'ಏನಾದ್ರೂ ಇಂಪ್ರೂವ್ ಆಗಿದ್ದಾಳಾ ಮೇಡಂ?' ಅಂತ ಶುರು ಮಾಡುತ್ತಾರೆ. ಹೂ ಕೊಳ್ಳುವವರಿಗೆ ಆ ಚಿಂತೆ ಇಲ್ಲ. ಹೂ ಸಿಕ್ಕರೆ ಸಾಕು.

ಗಾಂಧಿ ಬಜಾರ್ ಜೋಡಿಯ ವಿಷಯ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಒಬ್ಬಳು ನನ್ನ ಹಳೇ ವಿದ್ಯಾರ್ಥಿನಿ, ಡೌನ್ ಸಿಂಡ್ರೋಮ್ ಇರುವವಳು, 30ರ ಹತ್ತಿರ ವಯಸ್ಸು. ಇನ್ನೊಬ್ಬರು ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೆಲಸ ಮಾಡುವವರು. ಇವಳು ಅವರನ್ನು 'ಅಕ್ಕ' ಅನ್ನುತ್ತಾಳೆ. ಇಬ್ಬರೂ ಬಸ್ಸಿನಲ್ಲೇ ಹೋಗುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಹೆಂಗಸರು ಟಿಕೆಟ್‌ಗೆ ದುಡ್ಡು ಕೊಡಬೇಕಿಲ್ಲವಲ್ಲ. ಕಂಡಕ್ಟರ್ ಬಂದಾಗ ಅವಳೇ ತನ್ನ ಆಧಾರ್ ಕಾರ್ಡ್ ಚಾಚುತ್ತಾಳೆ. ಮೊದಲು ಅದು ಅಮ್ಮನ ಪರ್ಸಿನಲ್ಲಿರುತ್ತಿತ್ತು, ಈಗ ಅವಳ ಬ್ಯಾಗಿನಲ್ಲಿದೆ.

ಹೂ ತೆಗೆದುಕೊಂಡಮೇಲೆ ದರ್ಶಿನಿ. ಕ್ಯಾಷಿಯರ್ ಇವಳನ್ನು ಬಿಟ್ಟು ಅಕ್ಕನನ್ನೇ ಕೇಳಿದರಂತೆ, 'ಅವರಿಗೇನು ಕೊಡ್ಲಿ?' ಅಕ್ಕ ಜಾಣೆ. ಉತ್ತರ ಕೊಡಲಿಲ್ಲ, ಮೇಲಿನ ಬೋರ್ಡ್ ಓದುತ್ತಾ ನಿಂತುಬಿಟ್ಟರು. ಹಿಂದೆ ಕ್ಯೂ ಬೆಳೆಯಿತು. ಕೊನೆಗೆ ಇವಳೇ 'ಬೈಟು, ಸಕ್ಕರೆ ಕಮ್ಮಿ' ಅಂದಳು. ನಾಲಿಗೆ ಸ್ವಲ್ಪ ತೊದಲುತ್ತದೆ. ಇನ್ನೊಂದು ಸಲ ಹೇಳಬೇಕಾಯಿತು. ಈಗ ಆ ಕ್ಯಾಷಿಯರ್ ಅವಳ ಮುಖ ಕಂಡರೆ ಸಾಕು, ಬೈಟು ಟೋಕನ್ ಕೊಡುತ್ತಾರೆ. ನನಗೆ ಕೇಳಿದರೆ ಅದೂ ಬೇಡ, ಹೇಳುವುದಕ್ಕೆ ಬಿಡಬೇಕು. ಅಕ್ಕ ಮಾತ್ರ 'ಎಲ್ಲ ರೆಗ್ಯುಲರ್ ಗಿರಾಕಿಗಳಿಗೂ ಹಾಗೇ ಕೊಡ್ತಾರೆ ಟೀಚರ್' ಅಂತ ನನ್ನ ಬಾಯಿ ಮುಚ್ಚಿಸಿದರು.

ದುಡ್ಡು ಒಂದು ವಾರ ಅಕ್ಕನದು, ಒಂದು ವಾರ ಇವಳದು. ಇದನ್ನು ನಾನು ಎಲ್ಲ ಜೋಡಿಗಳಿಗೂ ಹೇಳುತ್ತೇನೆ. ಯಾವಾಗಲೂ ಒಬ್ಬರೇ ಕೊಡುತ್ತಿದ್ದರೆ ಇನ್ನೊಬ್ಬರು ಕೈಯೊಡ್ಡಿ ನಿಂತ ಹಾಗಾಗುತ್ತದೆ. ತೊಂದರೆ ಏನೆಂದರೆ ಈಗ ಎಲ್ಲ ಕಡೆ ಕ್ಯೂಆರ್ ಕೋಡ್. ಫೋನಿನಲ್ಲಿ ಹೋಗುವ ದುಡ್ಡು ಅವಳಿಗೆ ಅರ್ಥವಾಗುವುದಿಲ್ಲ, ಕಣ್ಣಿಗೆ ಕಾಣಬೇಕು. ಅಕ್ಕ ಬ್ಯಾಂಕಿನವರು ನೋಡಿ, ಅಂಕಿ ಬಿಟ್ಟು ಬಣ್ಣದಿಂದ ಕಲಿಸಿದರು. ಹತ್ತರ ನೋಟು ಕಂದು, ಐವತ್ತು ನೀಲಿ, ನೂರು ನೇರಳೆ. ನಾನು ಶಾಲೆಯಲ್ಲಿ ವರ್ಷಗಟ್ಟಲೆ ಪ್ಲಾಸ್ಟಿಕ್ ನಾಣ್ಯ ಎಣಿಸಿದ್ದು ಹೀಗೆ ಕೆಲಸಕ್ಕೆ ಬಂದಿರಲಿಲ್ಲ.

ಇನ್ನೊಂದು ಜೋಡಿ ಮಾತೇ ಆಡುವುದಿಲ್ಲ. ಆಟಿಸಂ ಇರುವ ಯುವಕ, ಮತ್ತು ರೈಲು ಹುಚ್ಚಿನ ಒಬ್ಬ ಎಂಜಿನಿಯರ್. ಇಬ್ಬರೂ ಮೆಟ್ರೋ ಹತ್ತಿ ಕೊನೆ ಸ್ಟೇಷನ್ನಿಗೆ ಹೋಗಿ ವಾಪಸ್ ಬರುತ್ತಾರೆ. 2025ರ ಆಗಸ್ಟ್‌ನಲ್ಲಿ ಆರ್‌.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾದಾಗ ಅವರಿಗೆ ಹಬ್ಬ. ಆದರೆ ಜನ ಮುಗಿಬಿದ್ದಿದ್ದ ಆರಂಭದ ದಿನಗಳಲ್ಲಿ ಹೋಗಲಿಲ್ಲ, ನೂಕುನುಗ್ಗಲು, ಗದ್ದಲ ಅವನಿಗೆ ಆಗುವುದಿಲ್ಲ. ಕಡಲೆಕಾಯಿ ಪರಿಷೆಗೂ ಅವರು ಬೆಳಗ್ಗೆ ಬೇಗ, ಅಂಗಡಿಯವರು ರಾಶಿ ಹಾಕುವ ಹೊತ್ತಿಗೇ ಹೋಗಿ ಬಂದುಬಿಡುತ್ತಾರೆ. 'ಇಬ್ರೂ ಮಾತೇ ಆಡಲ್ವಲ್ಲ ಮೇಡಂ, ಇದೆಂಥ ಫ್ರೆಂಡ್‌ಶಿಪ್?' ಅಂತ ಅವನ ತಾಯಿಗೆ ಕಳವಳ. ನನಗೇನೂ ಕಳವಳ ಇಲ್ಲ. ಎಷ್ಟೋ ಗಂಡಸರ ಸ್ನೇಹ ಹಾಗೇ ಇರುತ್ತದೆ, ಅಲ್ವಾ?

ಸುರಕ್ಷತೆಯ ವಿಷಯದಲ್ಲಿ ಮಾತ್ರ ನಾನು ಬಿಗಿ. ಮೊದಮೊದಲು ನಾನೂ ಜೊತೆಗೆ ಹೋಗುತ್ತೇನೆ, ಆಮೇಲೆ ಬೇರೆ ಟೇಬಲ್, ಆಮೇಲೆ ಮನೆಯಲ್ಲಿ. ಹೆಂಗಸರಿಗೆ ಹೆಂಗಸರು, ಗಂಡಸರಿಗೆ ಗಂಡಸರು. ನಾಲ್ಕು ಜನ ಓಡಾಡುವ ಜಾಗದಲ್ಲೇ ಭೇಟಿ, ಬಾಗಿಲು ಹಾಕಿದ ಕೋಣೆ ಬೇಡವೇ ಬೇಡ, ಎಷ್ಟೇ ಒಳ್ಳೆಯವರಾದರೂ. ಬೇಡ ಅನ್ನುವ ಹಕ್ಕು ನಮ್ಮ ಮಕ್ಕಳದ್ದೇ. ಒಬ್ಬ ಹುಡುಗಿ ಬಾಯಲ್ಲಿ ಬೇಡ ಅನ್ನುತ್ತಿರಲಿಲ್ಲ, ಚಪ್ಪಲಿ ಹಾಕಿಕೊಳ್ಳದೆ ಕೂತುಬಿಡುತ್ತಿದ್ದಳು. ಮನೆಯವರು ಹಟ ಅಂದರು. ನಾನು ಆ ಜೋಡಿಯನ್ನು ಅಲ್ಲಿಗೇ ನಿಲ್ಲಿಸಿದೆ. ಕಾರಣ ಇವತ್ತಿಗೂ ಗೊತ್ತಿಲ್ಲ, ಗೊತ್ತಾಗಲೇಬೇಕು ಅಂತಲೂ ಇಲ್ಲ.

ಕೆಲವು ತಂದೆತಾಯಿ 'ನಾವು ಹೋದಮೇಲೆ ಈ ಫ್ರೆಂಡೇ ನೋಡಿಕೊಳ್ತಾರಾ?' ಅಂತ ಕೇಳುತ್ತಾರೆ. ಎದೆ ಝಲ್ಲೆನ್ನುತ್ತದೆ, ಆದರೆ ಇಲ್ಲ ಅಂತಲೇ ಹೇಳಬೇಕು. ಅದು ಪೋಷಕತ್ವದ, ಅಂದರೆ ಕಾನೂನಿನ ಪ್ರಕಾರ ಗಾರ್ಡಿಯನ್ ಆಗುವ ವಿಷಯ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಅದಕ್ಕೆ ದಾರಿ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ಜಿಲ್ಲಾ ಮಟ್ಟದ ಸಮಿತಿಯಲ್ಲಿ ಅರ್ಜಿ ಹಾಕಬಹುದು. ಅದನ್ನು ಗೆಳೆಯರ ತಲೆಗೆ ಕಟ್ಟಿದರೆ ಅವರು ಕಾಫಿಗೂ ಬರುವುದಿಲ್ಲ. ಇನ್ನು ಹಕ್ಕಿನ ಮಾತು ಎತ್ತುವವರಿಗೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್ ತೋರಿಸುತ್ತೇನೆ. ಸಮುದಾಯದ ನಡುವೆ ಬದುಕುವ ಹಕ್ಕು ಅಲ್ಲಿದೆ. ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ತಕರಾರು ಬಂದಾಗ ಅದರ ಪ್ರಿಂಟ್ ಉಪಯೋಗಕ್ಕೆ ಬಂತು.

ಈ ಊರಲ್ಲಿ ದೊಡ್ಡ ಕಷ್ಟ ಅಂದರೆ ಜನ ನಿಲ್ಲುವುದಿಲ್ಲ. ಬಾಡಿಗೆ ಏರುತ್ತದೆ, ಸರ್ಜಾಪುರ ರಸ್ತೆಗೆ ಹೋಗುತ್ತಾರೆ. ಹೊರಡುವಾಗ ಪಾಪ ಅಂತ 'ಮುಂದಿನ ವಾರ ಬರ್ತೀನಿ' ಅನ್ನುತ್ತಾರೆ. ಅದನ್ನು ಹೇಳಲೇಬೇಡಿ ಅಂತ ಮೊದಲೇ ಮಾತು ತೆಗೆದುಕೊಳ್ಳುತ್ತೇನೆ. ಶನಿವಾರ ಬೆಳಗ್ಗೆಯಿಂದ ಗೇಟಿನ ಹತ್ತಿರ ನಿಂತು ಕಾಯುವವರು ಇವರು. ಅದರ ಬದಲು ಕ್ಯಾಲೆಂಡರಿನಲ್ಲಿ ಕೊನೆಯ ಭೇಟಿಯ ದಿನಕ್ಕೆ ಇಬ್ಬರೂ ಸೇರಿ ಗುರುತು ಹಾಕಬೇಕು, ಆಮೇಲೆ ಫೋನಿಗೆ ವಾರದ ಒಂದು ದಿನ, ಒಂದು ಹೊತ್ತು ಗೊತ್ತುಮಾಡಬೇಕು. ಅಳು ಬರುತ್ತದೆ, ಬರಲಿ.

ಸದ್ಯ ಕತ್ರಿಗುಪ್ಪೆಯಲ್ಲಿ ಒಬ್ಬರಿಗೆ ಕೇರಂ ಆಡುವವರು ಬೇಕಾಗಿದ್ದಾರೆ, ಸಂಜೆ ಆರರ ಮೇಲೆ. ಸೋತರೆ ಸ್ಟ್ರೈಕರ್ ಎಸೆಯುತ್ತಾರೆ, ಮೊದಲೇ ಹೇಳಿಬಿಡುತ್ತೇನೆ. ಪಾಪ ಅಂತ ಬೇಕಂತಲೇ ಸೋಲುವವರು ಮಾತ್ರ ಬೇಡ. ಅದು ಅವರಿಗೆ ತಕ್ಷಣ ಗೊತ್ತಾಗುತ್ತದೆ, ಆಗಲೂ ಎಸೆಯುತ್ತಾರೆ.