ಇಬ್ಬರು ಸೇರಿ ಡ್ರಿಲ್ ಹಾಡು ಮಾಡುವಾಗ

ಮೊದಲು ಬೀಟ್ ಒಪ್ಪಿಕೊಳ್ಳಿ, ಸಾಲು ಆಮೇಲೆ. ಡ್ರಿಲ್ ಅನ್ನೋ ರ್‍ಯಾಪ್ ಶೈಲಿ ಹುಟ್ಟಿದ್ದು ಷಿಕಾಗೋದಲ್ಲಿ. ಜಾರುವ 808 ಬೇಸ್, ಅಂದ್ರೆ ಡ್ರಮ್ ಯಂತ್ರದ ಆಳವಾದ ಸದ್ದು, ಲಂಡನ್ ಡ್ರಿಲ್‌ನ ಗುರುತು. ಟೆಂಪೋ ನಿಮಿಷಕ್ಕೆ 140 ಬೀಟ್‌ಗಳ ಆಸುಪಾಸು ಇರಲಿ. ಸ್ನೇರ್ ಡ್ರಮ್‌ನ ಏಟು ಒಂದು ಬಾರ್‌ನಲ್ಲಿ (ನಾಲ್ಕು ಎಣಿಕೆಯ ಒಂದು ಸುತ್ತು) ಮೂರನೇ ಎಣಿಕೆಗೆ, ಮುಂದಿನದರಲ್ಲಿ ನಾಲ್ಕನೆಯದಕ್ಕೆ ಬೀಳಲಿ. ಆ ತಡವಾದ ಏಟಿನಲ್ಲೇ ಮಜಾ ಇರೋದು, ಅಲ್ವಾ?

ನಾನೂ ನನ್ನ ಗೆಳೆಯನೂ ಮೊದಲ ಸಲ ಬೇರೆ ಬೇರೆ ಮನೆಯಲ್ಲಿ ರೆಕಾರ್ಡ್ ಮಾಡಿದೆವು. ಅವನ ದನಿ ಕಿವಿಯ ಪಕ್ಕದಲ್ಲೇ, ನನ್ನದು ಬಾವಿಯೊಳಗಿಂದ ಬಂದ ಹಾಗೆ. ಒಂದೇ ಕೋಣೆ, ಒಂದೇ ಮೈಕ್ ಇಟ್ಟುಕೊಳ್ಳಿ. ನಾಲ್ಕು ನಾಲ್ಕು ಬಾರ್ ಹಂಚಿಕೊಂಡು, ಒಬ್ಬರ ಕೊನೆಯ ಪ್ರಾಸವನ್ನು ಇನ್ನೊಬ್ಬರು ಎತ್ತಿಕೊಳ್ಳಿ.

ಹಣದ ಪಾಲನ್ನು ಬಿಡುಗಡೆಗೆ ಮುಂಚೆಯೇ ಬರೆದಿಡಿ.

ಆಮೇಲೆ ಸುಮ್ನೆ ವ್ಯೂಸ್ ಎಣಿಸುತ್ತಾ ಕೂರಬೇಡಿ. ಜನ ಕಾಮೆಂಟ್‌ನಲ್ಲಿ ಯಾವ ಸಾಲನ್ನು ಮತ್ತೆ ಮತ್ತೆ ಬರೆಯುತ್ತಾರೆ ನೋಡಿ. "ಒಬ್ಬನೇ ಚೆನ್ನಾಗಿ ಹಾಡಿದ್ದಾನೆ" ಅಂತ ಯಾರಾದರೂ ಬರೆದರೆ, ಇಬ್ಬರೂ ಜೊತೆಗೆ ಕೂತು ಓದಿ.